ಆಗುತ್ತದೆ ಎಂದು ಗೊತ್ತಿದ್ದ ಕೋಚ್

ಪಂದ್ಯದ ಅಂಕಿಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಹೋಗಿ. 2023ರ ಸೆಪ್ಟೆಂಬರ್ 2, ಟೆಕ್ಸಾಸ್‌ನ ಫೋರ್ಟ್ ವರ್ತ್ ಊರು. ಕೊಲೊರಾಡೊ ವಿಶ್ವವಿದ್ಯಾಲಯ ಮತ್ತು ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ನಡುವೆ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಚೆಂಡು ಹಿಡಿದವರ ಪಟ್ಟಿಯಲ್ಲಿ ಟ್ರಾವಿಸ್ ಹಂಟರ್ ಎಂಬ ಹುಡುಗನ ಹೆಸರಿದೆ: 11 ಕ್ಯಾಚ್, 119 ಗಜ. ಸರಿ, ಒಳ್ಳೆಯ ಆಟವೇ. ಈಗ ರಕ್ಷಣೆಗೆ ನಿಂತವರ ಪಟ್ಟಿಗೆ ಬನ್ನಿ. ಅಲ್ಲೂ ಟ್ರಾವಿಸ್ ಹಂಟರ್! ಗೋಲ್ ಗೆರೆಯ ಹತ್ತಿರ ಎದುರಾಳಿಯ ಪಾಸಿಗೆ ಅಡ್ಡ ಹಾರಿ ಚೆಂಡನ್ನೇ ಕಸಿದುಕೊಂಡಿದ್ದಾನೆ. ಅದೇ ಹುಡುಗ, ಅದೇ 12ನೇ ನಂಬರಿನ ಅಂಗಿ, ಅದೇ ಸುಡುಬಿಸಿಲು. ಅಚ್ಚಿನ ತಪ್ಪೇನೂ ಅಲ್ಲ. ಅವನು ಅಂದು ಮೈದಾನದಿಂದ ಹೊರಗೆ ಬಂದದ್ದೇ ಅಪರೂಪ.

ಇದರಲ್ಲೇನು ದೊಡ್ಡ ವಿಷಯ ಎಂದು ಅನ್ನಿಸಬಹುದು. ಅದಕ್ಕೆ ಈ ಆಟದ ಒಳಗುಟ್ಟು ಸ್ವಲ್ಪ ತಿಳಿಯಬೇಕು. ಅಮೆರಿಕನ್ ಫುಟ್‌ಬಾಲಿನಲ್ಲಿ ತಂಡ ಹೆಸರಿಗೆ ಒಂದು, ನಿಜಕ್ಕೂ ಎರಡು. ಚೆಂಡು ನಮ್ಮ ಕೈಯಲ್ಲಿದ್ದಾಗ ಮುನ್ನುಗ್ಗುವ 11 ಮಂದಿ ಬೇರೆ. ಅದು ಎದುರಾಳಿಯ ಕೈಗೆ ಹೋದಾಗ ತಡೆಯಲು ಇಳಿಯುವ 11 ಮಂದಿ ಬೇರೆ. ಒಂದು ಬಣ ಆಡುವಾಗ ಇನ್ನೊಂದು ಬೆಂಚಿನಲ್ಲಿ ಕೂತು ಉಸಿರು ತಿರುಗಿಸಿಕೊಳ್ಳುತ್ತದೆ. ಎರಡಕ್ಕೂ ಬೇರೆ ಬೇರೆ ಕೋಚ್‌ಗಳು, ಬೇರೆ ಕೋಣೆ, ಬೇರೆ ಪಾಠ. ಒಂದು ಪಂದ್ಯದಲ್ಲಿ ಪ್ರತಿ ಬಣ ಸುಮಾರು 60-70 ಸಲ ಆಡಬೇಕಾಗುತ್ತದೆ. ಒಂದೊಂದು ಸಲವೂ ಕೆಲವೇ ಸೆಕೆಂಡು, ಆದರೆ ಆ ಸೆಕೆಂಡುಗಳಲ್ಲಿ ಇಡೀ ಮೈಯ ಶಕ್ತಿ ಖಾಲಿ. ಫೋರ್ಟ್ ವರ್ತ್‌ನಲ್ಲಿ ಹಂಟರ್ ಇಂಥ ನೂರಕ್ಕೂ ಹೆಚ್ಚು ಸೆಣಸಾಟಗಳಲ್ಲಿ ಕಾಲಿಟ್ಟಿದ್ದ. ಇಬ್ಬರು ಆಟಗಾರರ ಒಂದು ದಿನದ ಕೂಲಿ ಅದು.

ಅದಕ್ಕಿಂತ ಬೆರಗಿನ ಮಾತು ಇನ್ನೊಂದಿದೆ. ಅವನು ನಿರ್ವಹಿಸಿದ ಎರಡು ಕೆಲಸಗಳು ಒಂದಕ್ಕೊಂದು ತದ್ವಿರುದ್ಧ. ಪಾಸ್ ಹಿಡಿಯುವ ವೈಡ್ ರಿಸೀವರ್ ಆದವನಿಗೆ ತಾನು ಎಲ್ಲಿಗೆ ಓಡಬೇಕು, ಯಾವ ಹೆಜ್ಜೆಗೆ ತಿರುಗಬೇಕು ಎಂಬುದು ಮೊದಲೇ ಗೊತ್ತು. ಅವನನ್ನು ತಡೆಯಲು ನಿಂತ ಕಾರ್ನರ್‌ಬ್ಯಾಕ್‌ಗೆ ಏನೇನೂ ಗೊತ್ತಿಲ್ಲ. ಹಿಂದು ಹಿಂದಕ್ಕೆ ಓಡುತ್ತ, ಎದುರಿಗಿರುವವನ ಸೊಂಟದ ಮೇಲೆ ಕಣ್ಣಿಟ್ಟು, ಅವನು ತಿರುಗುವ ಗಳಿಗೆಯನ್ನು ಊಹಿಸಬೇಕು. ಮುಖ ಮೋಸ ಮಾಡುತ್ತದೆ, ಭುಜ ಮೋಸ ಮಾಡುತ್ತದೆ, ಸೊಂಟ ಮಾತ್ರ ಮಾಡುವುದಿಲ್ಲ ಎನ್ನುವುದು ಆ ಜಾಗದಲ್ಲಿ ಆಡುವವರಿಗೆ ಕಲಿಸುವ ಮೊದಲ ಪಾಠ. ಒಬ್ಬ ವಂಚಿಸುವವನು, ಇನ್ನೊಬ್ಬ ವಂಚನೆಯನ್ನು ಓದುವವನು. ಇಬ್ಬರೂ ಒಂದೇ ಚರ್ಮದೊಳಗೆ!

ಇಷ್ಟು ತಿಳಿದ ಮೇಲೆ ತಲೆಯಲ್ಲಿ ಏಳುವ ಪ್ರಶ್ನೆ ಹುಡುಗನ ಬಗ್ಗೆ ಅಲ್ಲ. ಇದಕ್ಕೆ ಒಪ್ಪಿದ ಕೋಚ್ ಯಾರು? ಯಾವ ಧೈರ್ಯದ ಮೇಲೆ?

ಅವರ ಹೆಸರು ಡಿಯಾನ್ ಸ್ಯಾಂಡರ್ಸ್. 1967ರಲ್ಲಿ ಫ್ಲಾರಿಡಾದ ಫೋರ್ಟ್ ಮೈಯರ್ಸ್‌ನಲ್ಲಿ ಹುಟ್ಟಿದವರು. ಅಮೆರಿಕ ಅವರನ್ನು ‘ಪ್ರೈಮ್ ಟೈಮ್’ ಎಂದು ಕರೆಯಿತು. ಈಗ ಕಾಲೇಜು ಹುಡುಗರ ಬಾಯಲ್ಲಿ ಅವರು ‘ಕೋಚ್ ಪ್ರೈಮ್’. ವೃತ್ತಿಪರ ಆಟ ಮುಗಿಸಿ ಕಾಲೇಜು ಕೋಚ್ ಆದವರು ಆ ದೇಶದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಸ್ಯಾಂಡರ್ಸ್ ಕಥೆ ಅವರ ಸಾಲಿನಲ್ಲಿ ಕೂರುವುದಿಲ್ಲ, ಯಾಕೆಂದರೆ ಈ ಮನುಷ್ಯನ ಮೈ ಏನೇನು ಮಾಡಿತ್ತು ಎಂಬ ಪಟ್ಟಿಯೇ ನಂಬಲು ಕಷ್ಟ.

1987ರ ಮೇ ತಿಂಗಳ ಒಂದು ದಿನವನ್ನೇ ತೆಗೆದುಕೊಳ್ಳಿ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸ್ಯಾಂಡರ್ಸ್ ತಮ್ಮ ಕಾನ್ಫರೆನ್ಸ್‌ನ ಕೂಟದಲ್ಲಿ ಬೇಸ್‌ಬಾಲ್ ಪಂದ್ಯ ಆಡಿದರು. ಅಲ್ಲಿಂದ ಓಟದ ಮೈದಾನಕ್ಕೆ ಹೋಗಿ 4x100 ರಿಲೇಯಲ್ಲಿ ತಮ್ಮ ಪಾಲಿನ ಓಟ ಓಡಿದರು. ಮರಳಿ ಬಂದು ಇನ್ನೊಂದು ಬೇಸ್‌ಬಾಲ್ ಪಂದ್ಯಕ್ಕೆ ಇಳಿದರು. ಎಲ್ಲ ಒಂದೇ ದಿನ. ಆ ವಿಶ್ವವಿದ್ಯಾಲಯದಲ್ಲಿ ಅವರಿಗೆ ಹೆಸರು ತಂದುಕೊಟ್ಟ ಆಟವಾದರೋ ಈ ಎರಡೂ ಅಲ್ಲ, ಫುಟ್‌ಬಾಲ್!

1989ರ ಸೆಪ್ಟೆಂಬರ್ 5ರಂದು ನ್ಯೂಯಾರ್ಕ್ ಯಾಂಕೀಸ್ ಪರ ಬೇಸ್‌ಬಾಲಿನಲ್ಲಿ ಹೋಮ್ ರನ್ ಹೊಡೆದರು. ಐದೇ ದಿನ ಕಳೆದು, ಸೆಪ್ಟೆಂಬರ್ 10ರಂದು, ಅಟ್ಲಾಂಟಾ ಫಾಲ್ಕನ್ಸ್ ಪರ ತಮ್ಮ ಮೊದಲ ವೃತ್ತಿಪರ ಫುಟ್‌ಬಾಲ್ ಪಂದ್ಯದಲ್ಲಿ ಎದುರಾಳಿ ಒದ್ದ ಚೆಂಡು ಹಿಡಿದು 68 ಗಜ ಓಡಿ, ಗೋಲ್ ಗೆರೆ ದಾಟಿ ಟಚ್‌ಡೌನ್ ಮಾಡಿದರು. 1992ರ ಅಕ್ಟೋಬರ್ 11 ಇನ್ನೂ ವಿಚಿತ್ರ: ಮಧ್ಯಾಹ್ನ ಮಯಾಮಿಯಲ್ಲಿ ಫುಟ್‌ಬಾಲ್ ಆಡಿ, ವಿಮಾನ ಹತ್ತಿ ಪಿಟ್ಸ್‌ಬರ್ಗ್‌ಗೆ ಹಾರಿ, ರಾತ್ರಿ ಬೇಸ್‌ಬಾಲ್ ಸಮವಸ್ತ್ರ ತೊಟ್ಟು ಕೂತರು. ಆ ರಾತ್ರಿ ಅವರನ್ನು ಆಡಿಸಲಿಲ್ಲ. ಆದರೆ ಅದೇ ತಿಂಗಳ ವರ್ಲ್ಡ್ ಸೀರೀಸ್‌ನಲ್ಲಿ ಆಡಿಸಿದರು. ಪಾದದ ಮೂಳೆ ಮುರಿದಿದ್ದರೂ 15 ಸಲ ಬ್ಯಾಟ್ ಬೀಸಿ 8 ಹಿಟ್ ಗಳಿಸಿದರು. ಹತ್ತಕ್ಕೆ ಮೂರು ಸಿಕ್ಕರೆ ಭೇಷ್ ಎನ್ನುವ ಆಟ ಅದು. ಬೇಸ್‌ಬಾಲಿನ ವರ್ಲ್ಡ್ ಸೀರೀಸ್ ಮತ್ತು ಫುಟ್‌ಬಾಲಿನ ಸೂಪರ್ ಬೌಲ್, ಎರಡರಲ್ಲೂ ಆಡಿದವರು ಇಂದಿಗೂ ಅವರೊಬ್ಬರೇ.

ಈಗ ಹೇಳುವುದೇ ಇಡೀ ಕಥೆಯ ಬೇರು. 1996ರಲ್ಲಿ ಡಲ್ಲಾಸ್ ಕೌಬಾಯ್ಸ್ ಪರ ಆಡುವಾಗ ಸ್ಯಾಂಡರ್ಸ್ ಕಾರ್ನರ್‌ಬ್ಯಾಕ್ ಆಗಿದ್ದುಕೊಂಡೇ ರಿಸೀವರ್ ಜಾಗದಲ್ಲೂ ಇಳಿದು 36 ಕ್ಯಾಚ್ ಹಿಡಿದು 475 ಗಜ ಗಳಿಸಿದರು. ಎರಡೂ ಕಡೆ ನಿಯಮಿತವಾಗಿ ಆಡುವ ಆಟಗಾರನನ್ನು ವೃತ್ತಿಪರ ಲೀಗ್ ಅದಕ್ಕೂ ಮುಂಚೆ ಕಂಡದ್ದು ಫಿಲಡೆಲ್ಫಿಯಾ ಈಗಲ್ಸ್ ತಂಡದ ಚಕ್ ಬೆಡ್ನರಿಕ್ ಎಂಬ ಉಕ್ಕಿನ ಮನುಷ್ಯನಲ್ಲಿ. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿ 30 ಸಲ ಹಾರಾಟಕ್ಕೆ ಹೋಗಿ ಬದುಕಿ ಬಂದು, 1962ರವರೆಗೆ ಆಡಿದವರು ಅವರು. ಮನಸ್ಸಿಗೆ ಬಂದಷ್ಟು ಸಲ ಆಟಗಾರರನ್ನು ಬದಲಿಸಬಹುದೆಂದು ನಿಯಮ ಸಡಿಲವಾದ ಮೇಲೆ ಎರಡೂ ಕಡೆ ಆಡುವವರ ತಳಿಯೇ ಅಳಿದುಹೋಗಿತ್ತು. ಯಾರೂ ಅವರನ್ನು ಸೋಲಿಸಲಿಲ್ಲ. ಅಂಥವರು ಬೇಕು ಎಂದು ಕೇಳುವವರು ಇಲ್ಲವಾದರು, ಅಷ್ಟೆ.

ಹಾಗಾಗಿ ನಾನು ಹೇಳುವುದು ಇಷ್ಟು: ವೃತ್ತಿಪರ ಆಟಗಾರ ಕೋಚ್ ಆದಾಗ ಅವನು ತರುವ ದೊಡ್ಡ ಆಸ್ತಿ ತಂತ್ರವಲ್ಲ, ಹೆಸರೂ ಅಲ್ಲ. ತಂತ್ರವನ್ನು ಪುಸ್ತಕದಿಂದ ಕಲಿಯಬಹುದು, ಹೆಸರಿನ ಮಿರುಗು ಒಂದು ಸೀಸನ್‌ನಲ್ಲಿ ಮಾಸುತ್ತದೆ. ಯಾವುದು ಮನುಷ್ಯನಿಂದ ಆಗುವುದಿಲ್ಲ ಎಂದು ಎಲ್ಲರೂ ಒಪ್ಪಿಕೊಂಡಿದ್ದಾರೋ ಅದು ಆಗುತ್ತದೆ ಎಂಬುದು ಸ್ಯಾಂಡರ್ಸ್ ಅವರ ಮಂಡಿಗೆ, ಮೀನಖಂಡಕ್ಕೆ ಗೊತ್ತಿತ್ತು.

2020ರ ಸೆಪ್ಟೆಂಬರ್‌ನಲ್ಲಿ ಸ್ಯಾಂಡರ್ಸ್ ಕಾಲೇಜು ಕೋಚ್ ಹುದ್ದೆ ಒಪ್ಪಿಕೊಂಡದ್ದು ಎಲ್ಲಿ ಗೊತ್ತೆ? ಮಿಸಿಸಿಪ್ಪಿಯ ಜಾಕ್ಸನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ! 1877ರಲ್ಲಿ ಸ್ಥಾಪನೆಯಾದ, ಕಪ್ಪು ಜನರ ಓದಿಗಾಗಿಯೇ ಕಟ್ಟಿದ ಸಂಸ್ಥೆ. ಸಂಬಳ ವರ್ಷಕ್ಕೆ 3 ಲಕ್ಷ ಡಾಲರ್. ದೊಡ್ಡ ವಿಶ್ವವಿದ್ಯಾಲಯಗಳ ಕೋಚ್‌ಗಳು ಎಣಿಸುವ ಕೋಟಿಗಳ ಮುಂದೆ ಅದು ಚಿಲ್ಲರೆ. ಅದೇ 2020ರಲ್ಲಿ ಅವರು ಪದವಿ ಪಡೆದದ್ದೂ ಅಲಬಾಮಾದ ಟಾಲಡೀಗಾ ಕಾಲೇಜಿನಿಂದ, ಅದೂ ಕಪ್ಪು ಜನರ ಐತಿಹಾಸಿಕ ಕಾಲೇಜೇ. ಆಗ ಅವರಿಗೆ ಐವತ್ತು ದಾಟಿತ್ತು.

ಈ ಕಾಲೇಜುಗಳ ಚರಿತ್ರೆ ಅಗೆದಷ್ಟೂ ಚಿನ್ನ. ದಕ್ಷಿಣದ ದೊಡ್ಡ ಬಿಳಿಯ ವಿಶ್ವವಿದ್ಯಾಲಯಗಳು 1960ರ ದಶಕದ ಕೊನೆಯವರೆಗೂ ಕಪ್ಪು ಹುಡುಗರಿಗೆ ತಮ್ಮ ತಂಡದ ಬಾಗಿಲು ಮುಚ್ಚಿದ್ದವು. ಆ ಹುಡುಗರೆಲ್ಲ ಗ್ರಾಂಬ್ಲಿಂಗ್, ಜಾಕ್ಸನ್ ಸ್ಟೇಟ್‌ನಂಥ ಕಡೆ ಬಂದರು. ಗ್ರಾಂಬ್ಲಿಂಗ್‌ನ ಕೋಚ್ ಎಡ್ಡಿ ರಾಬಿನ್ಸನ್ 1941ರಿಂದ 1997ರವರೆಗೆ ಅಲ್ಲೇ ಇದ್ದು 408 ಪಂದ್ಯ ಗೆದ್ದರು. ಜಾಕ್ಸನ್ ಸ್ಟೇಟ್ ಒಂದರಿಂದಲೇ ನಾಲ್ವರು ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್ ಸೇರಿದ್ದಾರೆ. ವಾಲ್ಟರ್ ಪೇಟನ್ ಎಂಬ ದಂತಕಥೆ ಅವರಲ್ಲೊಬ್ಬರು. ಬಾಗಿಲು ತೆರೆದ ಮೇಲೆ ಪ್ರತಿಭೆಯೆಲ್ಲ ದೊಡ್ಡ ಕಡೆಗೆ ಹರಿಯಿತು, ಇಲ್ಲಿ ಉಳಿದದ್ದು ನೆನಪು ಮತ್ತು ಎದೆ ನಡುಗಿಸುವ ಬ್ಯಾಂಡ್ ವಾದ್ಯ.

ಆ ಹರಿವನ್ನೇ ತಿರುಗಿಸಲು ಸ್ಯಾಂಡರ್ಸ್ ಹೊರಟರು. ಕೋವಿಡ್‌ನಿಂದಾಗಿ 2021ರ ವಸಂತಕ್ಕೆ ಜಾರಿದ ಮೊದಲ ಸೀಸನ್‌ನಲ್ಲಿ 4 ಗೆಲುವು, 3 ಸೋಲು. ಅದೇ ವರ್ಷದ ಎರಡನೇ ಸೀಸನ್‌ನಲ್ಲಿ 11 ಗೆಲುವು, 2 ಸೋಲು, ಕಾನ್ಫರೆನ್ಸ್ ಕಿರೀಟ. ಆ ನಡುವೆ ರಕ್ತ ಹೆಪ್ಪುಗಟ್ಟಿ ಎಡಗಾಲಿನ ಎರಡು ಬೆರಳುಗಳನ್ನು ಕತ್ತರಿಸಬೇಕಾಯಿತು. ಮೂರು ಪಂದ್ಯಗಳಿಗೆ ಬರಲಾಗಲಿಲ್ಲ. ಆಮೇಲೆ ಗಾಲಿಕುರ್ಚಿಯಲ್ಲಿ ಮೈದಾನದ ಅಂಚಿಗೆ ಬಂದು ಕೂಗಿ ಆಡಿಸಿದರು. ಒಂದು ಕಾಲದಲ್ಲಿ ಅಮೆರಿಕದ ಅತಿ ವೇಗದ ಕಾಲುಗಳಲ್ಲಿ ಎಣಿಸಿಕೊಂಡಿದ್ದ ಕಾಲುಗಳವು!

2021ರ ಡಿಸೆಂಬರ್ 15. ದೇಶದ ಹೈಸ್ಕೂಲ್ ಆಟಗಾರರು ತಮ್ಮ ಕಾಲೇಜು ಆರಿಸಿ ಸಹಿ ಹಾಕುವ ದಿನ. ಆ ವರ್ಷದ ಅತ್ಯುತ್ತಮ ಎಂದು ಎಣಿಸಿದ್ದ, ಜಾರ್ಜಿಯಾದ ಕಾಲಿನ್ಸ್ ಹಿಲ್ ಹೈಸ್ಕೂಲಿನ ಟ್ರಾವಿಸ್ ಹಂಟರ್ ಬಹಳ ಹಿಂದೆಯೇ ಫ್ಲಾರಿಡಾ ಸ್ಟೇಟ್‌ಗೆ ಮಾತು ಕೊಟ್ಟಿದ್ದ. ಸ್ಯಾಂಡರ್ಸ್ ಓದಿದ, ಅವರ 2ನೇ ನಂಬರಿನ ಅಂಗಿಯನ್ನು ನಿವೃತ್ತಗೊಳಿಸಿ ಗೌರವಿಸಿದ ಅದೇ ಫ್ಲಾರಿಡಾ ಸ್ಟೇಟ್. ಕ್ಯಾಮೆರಾಗಳು ಕಾಯುತ್ತಿದ್ದವು. ಕೊನೆಗೆ ಹುಡುಗನ ತಲೆಗೇರಿದ್ದು ಜಾಕ್ಸನ್ ಸ್ಟೇಟ್ ಟೋಪಿ! ದೇಶದ ನಂಬರ್ ಒನ್ ಹುಡುಗ ಇಂಥ ಸಣ್ಣ ದರ್ಜೆಯ ಕಾಲೇಜಿಗೆ ಸಹಿ ಹಾಕಿದ್ದು ಹಿಂದೆಂದೂ ಕೇಳದ ಮಾತು. ಅಮೆರಿಕದ ಕ್ರೀಡಾಲೋಕ ಅಂದು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು.

ಯಾಕೆ ಹೋದ? ಬೇರೆ ಯಾವ ದೊಡ್ಡ ಕಾಲೇಜಿಗೆ ಹೋಗಿದ್ದರೂ ಒಳ್ಳೆಯ ಮನಸ್ಸಿನಿಂದಲೇ ಅವನಿಗೆ ಒಂದು ಮಾತು ಹೇಳುತ್ತಿದ್ದರು ಎನ್ನುವುದು ನನ್ನ ಲೆಕ್ಕ: ಮಗು, ಒಂದನ್ನು ಆರಿಸಿಕೋ. ಎರಡು ದೋಣಿಗೆ ಕಾಲಿಟ್ಟರೆ ಮುಳುಗುತ್ತೀ ಎನ್ನುವ ಬುದ್ಧಿವಾದ ಎಲ್ಲ ಊರಿನಲ್ಲೂ ಇದೆ. ಆ ಮಾತನ್ನು ಹೇಳಲು ನೈತಿಕ ಹಕ್ಕೇ ಇಲ್ಲದ ಒಬ್ಬ ಕೋಚ್ ಇಡೀ ದೇಶದಲ್ಲಿ ಇದ್ದರೆ ಅದು ಡಿಯಾನ್ ಸ್ಯಾಂಡರ್ಸ್.

2022 ಜಾಕ್ಸನ್ ಸ್ಟೇಟ್‌ನ ಕನಸಿನ ವರ್ಷ. ಕನಸಿಗೂ ಮೊದಲು ಊರಿಗೆ ಕಷ್ಟ ಬಂತು. ಆಗಸ್ಟ್ ಕೊನೆಯಲ್ಲಿ ಜಾಕ್ಸನ್ ನಗರದ ನೀರಿನ ಘಟಕ ಕೆಟ್ಟು ಸುಮಾರು ಒಂದೂವರೆ ಲಕ್ಷ ಜನಕ್ಕೆ ಶುದ್ಧ ನೀರಿಲ್ಲದಾಯಿತು. ನಲ್ಲಿ ತಿರುಗಿಸಿದರೆ ನೀರಿಲ್ಲ, ಶೌಚಾಲಯಕ್ಕೆ ನೀರಿಲ್ಲ, ಅಭ್ಯಾಸದ ಮೈದಾನದಲ್ಲಿ ಐಸ್ ಇಲ್ಲ. ಕೋಚ್ ತಮ್ಮ ಹುಡುಗರನ್ನು ಹೋಟೆಲುಗಳಿಗೆ ಸಾಗಿಸಿದರು. ತಂಡಕ್ಕೊಂದು ನೆಲೆ ಕಟ್ಟುತ್ತಿದ್ದಾಗ ತಮ್ಮ ಸಂಬಳದ ಅರ್ಧ ಕೊಡುವುದಾಗಿ ಹೇಳಿದ್ದೂ ಅದೇ ವರ್ಷ. ಆ ತಂಡ ಆಮೇಲೆ ಸೋಲನ್ನೇ ಕಾಣದೆ 12 ಪಂದ್ಯ ಗೆದ್ದಿತು!

ಹದಿಮೂರನೆಯದು ಅಟ್ಲಾಂಟಾದಲ್ಲಿ, ಡಿಸೆಂಬರ್ 17ರಂದು, ನಾರ್ತ್ ಕ್ಯಾರೊಲಿನಾ ಸೆಂಟ್ರಲ್ ವಿರುದ್ಧ. ಗಡಿಯಾರದಲ್ಲಿ ಸಮಯ ಮುಗಿದಿದೆ, ಏಳು ಅಂಕ ಹಿಂದಿದ್ದಾರೆ. ಸ್ಯಾಂಡರ್ಸ್ ಅವರ ಮಗ, ಕ್ವಾರ್ಟರ್‌ಬ್ಯಾಕ್ ಶೆಡೂರ್, 19 ಗಜ ದೂರಕ್ಕೆ ಚೆಂಡೆಸೆದ. ಹಿಡಿದವನು ಹಂಟರ್. ಪಂದ್ಯ ಸಮ! ಆದರೆ ಹೆಚ್ಚುವರಿ ಅವಧಿಯಲ್ಲಿ 41-34ರಿಂದ ಸೋತರು. ಅದು ಅಲ್ಲಿನ ಕೊನೆಯ ಪಂದ್ಯ ಎಂಬುದು ಆಗಲೇ ಎಲ್ಲರಿಗೂ ಗೊತ್ತಿತ್ತು. ಸ್ಯಾಂಡರ್ಸ್ ಎರಡು ವಾರ ಮುಂಚೆಯೇ ಕೊಲೊರಾಡೊಗೆ ಒಪ್ಪಿಗೆ ಕೊಟ್ಟಿದ್ದರು.

ಜಾಕ್ಸನ್‌ನ ಜನಕ್ಕೆ ಅದು ಚುಚ್ಚಿತು. ಚುಚ್ಚಬೇಕಾದದ್ದೇ. ಮೂರು ಸೀಸನ್, 27 ಗೆಲುವು, 6 ಸೋಲು, ದೇಶದ ಕ್ಯಾಮೆರಾಗಳೆಲ್ಲ ತಮ್ಮ ಊರಿನತ್ತ. ಅಷ್ಟರಲ್ಲೇ ಬೀಳ್ಕೊಡುಗೆ. ಕಪ್ಪು ಕಾಲೇಜುಗಳ ಭವಿಷ್ಯವನ್ನೇ ಬದಲಿಸುತ್ತೇನೆಂದು ಬಂದವರು ಎದ್ದು ಹೋದರಲ್ಲ ಎಂಬ ನೋವು ಸುಳ್ಳಲ್ಲ, ಅದನ್ನು ಅವರ ಗೆಲುವುಗಳ ಪಟ್ಟಿ ಅಳಿಸುವುದೂ ಇಲ್ಲ.

ಕೊಲೊರಾಡೊದ ಬೋಲ್ಡರ್‌ಗೆ ಬಂದಾಗ ಅಲ್ಲಿನ ತಂಡ ಹಿಂದಿನ ವರ್ಷ 12ರಲ್ಲಿ 11 ಪಂದ್ಯ ಸೋತು ಮಲಗಿತ್ತು. ಮೊದಲ ಸಭೆಯಲ್ಲೇ ಸ್ಯಾಂಡರ್ಸ್ ಆಟಗಾರರಿಗೆ ನೇರವಾಗಿ ಹೇಳಿಬಿಟ್ಟರು: ನಾನು ನನ್ನವರನ್ನು ಕರೆತರುತ್ತಿದ್ದೇನೆ, ಹೋಗುವವರು ಹೋಗಬಹುದು. ಐವತ್ತಕ್ಕೂ ಹೆಚ್ಚು ಮಂದಿ ಹೋದರು. ಆ ಕಠೋರತೆಯನ್ನು ನಾನು ಮೆಚ್ಚಲಾರೆ. ಅವರಲ್ಲಿ ಹಲವರು ಹದಿನೆಂಟು-ಹತ್ತೊಂಬತ್ತರ ಮಕ್ಕಳು. ಹೊಸದಾಗಿ ಬಂದವರಲ್ಲಿ ಶೆಡೂರ್ ಇದ್ದ, ಹಂಟರ್ ಇದ್ದ. ಆಮೇಲೆ ಬಂದದ್ದೇ ಫೋರ್ಟ್ ವರ್ತ್‌ನ ಆ ಮಧ್ಯಾಹ್ನ. ಎದುರಿಗಿದ್ದದ್ದು ಅದೇ ಜನವರಿಯಲ್ಲಿ ರಾಷ್ಟ್ರೀಯ ಫೈನಲ್ ಆಡಿ ಬಂದ ತಂಡ. ಕೊಲೊರಾಡೊ ಸುಮಾರು 20 ಅಂಕಗಳಿಂದ ಸೋಲುತ್ತದೆ ಎಂಬುದು ಪಂಡಿತರ ಲೆಕ್ಕ. ಫಲಿತಾಂಶ 45-42, ಕೊಲೊರಾಡೊ! ಶೆಡೂರ್ 510 ಗಜ ಎಸೆದು ವಿಶ್ವವಿದ್ಯಾಲಯದ ದಾಖಲೆಯನ್ನೇ ಮುರಿದಿದ್ದ.

ಎರಡು ವಾರ ಕಳೆದು ಕೊಲೊರಾಡೊ ಸ್ಟೇಟ್ ವಿರುದ್ಧದ ಪಂದ್ಯದಲ್ಲಿ ಹಂಟರ್‌ಗೆ ಎದುರಾಳಿಯೊಬ್ಬ ತಡವಾಗಿ ಬಂದು ಗುದ್ದಿದ. ಯಕೃತ್ತಿಗೆ ಗಾಯ. ಗುದ್ದಿದ ಹುಡುಗನಿಗೆ ಕೊಲೆ ಬೆದರಿಕೆಗಳು ಬರತೊಡಗಿದವು. ಆಗ ಅವನ ಪರವಾಗಿ ನಿಂತು, ಬೆದರಿಕೆ ನಿಲ್ಲಿಸಿ ಎಂದು ಬಹಿರಂಗವಾಗಿ ಕೇಳಿಕೊಂಡವರು ಸ್ಯಾಂಡರ್ಸ್. ಹಂಟರ್ ಅವನನ್ನು ಕ್ಷಮಿಸಿದ್ದಷ್ಟೇ ಅಲ್ಲ, ಇಬ್ಬರೂ ಜೊತೆಯಾಗಿ ಬೌಲಿಂಗ್ ಆಡಲು ಹೋದರು! ಆ ಸೀಸನ್ 4 ಗೆಲುವು 8 ಸೋಲಿನಲ್ಲಿ ಕುಸಿಯಿತು, ನಿಜ. ಆದರೆ ಈ ಒಂದು ಪ್ರಸಂಗದ ಮುಂದೆ ನನಗೆ ಆ ಅಂಕಿ ಸಪ್ಪೆಯಾಗಿ ಕಾಣುತ್ತದೆ.

2024 ಬಂತು. ಸೆಪ್ಟೆಂಬರ್ 21ರ ರಾತ್ರಿ, ಬೇಲರ್ ವಿರುದ್ಧ. ನಿಗದಿತ ಸಮಯದ ಕೊನೆಯ ಎಸೆತದಲ್ಲಿ ಶೆಡೂರ್ 43 ಗಜದ ಟಚ್‌ಡೌನ್‌ನಿಂದ ಪಂದ್ಯ ಸಮ ಮಾಡಿದ್ದಾನೆ. ಹೆಚ್ಚುವರಿ ಅವಧಿಯಲ್ಲಿ ಕೊಲೊರಾಡೊ 38-31ರಿಂದ ಮುಂದೆ. ಈಗ ಬೇಲರ್‌ನ ಸರದಿ. ಚೆಂಡು ಗೋಲ್ ಗೆರೆಯ ಅಂಚಿನಲ್ಲಿದೆ. ಚೆಂಡನ್ನು ಕಂಕುಳಲ್ಲಿ ಒತ್ತಿಕೊಂಡು ಓಟಗಾರ ನುಗ್ಗಿದ. ಇನ್ನೇನು ಒಂದು ಹೆಜ್ಜೆ. ಅಷ್ಟರಲ್ಲಿ 12ನೇ ನಂಬರ್ ಬಂದು ಬಡಿದ ರಭಸಕ್ಕೆ ಚೆಂಡು ಕಂಕುಳಿಂದ ಜಾರಿ ಹೊರಕ್ಕೆ ಚಿಮ್ಮಿತು. ಮುಗಿಯಿತು ಪಂದ್ಯ! ಜನ ಕಟ್ಟೆ ಒಡೆದ ನೀರಿನ ಹಾಗೆ ಮೈದಾನಕ್ಕೆ ನುಗ್ಗಿದರು. ಆ ರಾತ್ರಿ ರಿಸೀವರ್ ಆಗಿ ಓಡಿ ಓಡಿ ದಣಿದಿದ್ದವನೇ ಆ ಹೊಡೆತ ಕೊಟ್ಟವನು. ಇಬ್ಬರಲ್ಲಿ ಒಬ್ಬನಾಗು ಎಂದು ಯಾರಾದರೂ ಅವನಿಗೆ ಮೊದಲೇ ಹೇಳಿದ್ದರೆ, ಆ ಗಳಿಗೆಯಲ್ಲಿ ಅವನು ಬೆಂಚಿನಲ್ಲಿರುತ್ತಿದ್ದ.

ಆ ವರ್ಷ ಹಂಟರ್ 96 ಕ್ಯಾಚ್ ಹಿಡಿದು 1,258 ಗಜ ಗಳಿಸಿದ, 15 ಟಚ್‌ಡೌನ್ ಹಿಡಿದ. ಆಚೆ ಬದಿಗೆ ನಿಂತು ಎದುರಾಳಿಗಳ 4 ಪಾಸ್ ಕಸಿದ. ತಂಡ 13ರಲ್ಲಿ 9 ಪಂದ್ಯ ಗೆದ್ದಿತು. ಡಿಸೆಂಬರ್‌ನಲ್ಲಿ ಪ್ರಶಸ್ತಿಗಳ ಸುರಿಮಳೆ. ದೇಶದ ಅತ್ಯುತ್ತಮ ರಿಸೀವರ್‌ಗೆ ಕೊಡುವ ಬಿಲೆಟ್ನಿಕಾಫ್ ಪ್ರಶಸ್ತಿ ಅವನಿಗೆ. ಅತ್ಯುತ್ತಮ ರಕ್ಷಣಾ ಆಟಗಾರನಿಗೆ ಕೊಡುವ ಪ್ರಶಸ್ತಿಯೂ ಅವನಿಗೇ. ಎರಡನ್ನೂ ಗೆದ್ದವರು ಹಿಂದೆ ಯಾರೂ ಇರಲಿಲ್ಲ. 14ರಂದು ನ್ಯೂಯಾರ್ಕ್‌ನಲ್ಲಿ ಕಾಲೇಜು ಫುಟ್‌ಬಾಲಿನ ಪರಮಪದವಾದ ಹೈಸ್‌ಮನ್ ಟ್ರೋಫಿಯೂ ಬಂತು.

ಆ ರಕ್ಷಣಾ ಪ್ರಶಸ್ತಿಯ ಹೆಸರೇನು ಗೊತ್ತೆ? ಚಕ್ ಬೆಡ್ನರಿಕ್ ಪ್ರಶಸ್ತಿ. ಹೌದು, 1962ರಲ್ಲಿ ಆಟ ನಿಲ್ಲಿಸಿದ ಅದೇ ಬೆಡ್ನರಿಕ್! ಮೂವತ್ತನಾಲ್ಕು ವರ್ಷ ಕಳೆದು ಅವರ ದಾರಿಯಲ್ಲಿ ಹೆಜ್ಜೆ ಹಾಕಿದವರು ಸ್ಯಾಂಡರ್ಸ್. ಈಗ ಅವರ ಹೆಸರಿನ ಪ್ರಶಸ್ತಿ ಹಿಡಿದು ನಿಂತವನು ಸ್ಯಾಂಡರ್ಸ್ ಶಿಷ್ಯ. ಯಾರೂ ಹೀಗೆ ಯೋಜಿಸಿರಲಿಲ್ಲ. ಈ ಮೂರು ಹೆಸರು ಒಂದೇ ಸಾಲಿನಲ್ಲಿ ಬಂದು ನಿಂತದ್ದನ್ನು ಕಂಡಾಗ ನನಗೆ ಮೈ ಜುಮ್ಮೆಂದಿತು.

2025ರ ಏಪ್ರಿಲ್‌ನಲ್ಲಿ ಜಾಕ್ಸನ್‌ವಿಲ್ ಜಾಗ್ವಾರ್ಸ್ ಹಂಟರ್‌ನನ್ನು ವೃತ್ತಿಪರ ಲೀಗಿನ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಆರಿಸಿಕೊಂಡಿತು, ಎರಡೂ ಕಡೆ ಆಡಿಸುವ ಉದ್ದೇಶದಿಂದಲೇ. ಶೆಡೂರ್ ಐದನೇ ಸುತ್ತಿನವರೆಗೆ ಕಾದು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಸೇರಿದ. ಇಬ್ಬರನ್ನೂ ಕಳಿಸಿಕೊಟ್ಟ ಕೋಚ್ ಜುಲೈ ಕೊನೆಯಲ್ಲಿ ವೈದ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪತ್ರಕರ್ತರ ಮುಂದೆ ಬಂದರು. ಮೂತ್ರಕೋಶದ ಕ್ಯಾನ್ಸರ್ ಆಗಿತ್ತು, ಮೂತ್ರಕೋಶವನ್ನೇ ತೆಗೆದು ಕರುಳಿನ ತುಂಡಿನಿಂದ ಹೊಸದೊಂದನ್ನು ಕಟ್ಟಿದ್ದಾರೆ, ಈಗ ಗುಣವಾಗಿದೆ ಎಂದು ತಿಳಿಸಿದರು. ರಾತ್ರಿಯ ಮುಜುಗರಗಳನ್ನೂ ಮುಚ್ಚಿಡಲಿಲ್ಲ. ದಯವಿಟ್ಟು ಎಲ್ಲರೂ ತಪಾಸಣೆ ಮಾಡಿಸಿಕೊಳ್ಳಿ ಎಂದು ಕೇಳಿಕೊಂಡರು. ಆಮೇಲೆ ಎದ್ದು ಹೊಸ ಸೀಸನ್‌ನ ಅಭ್ಯಾಸಕ್ಕೆ ಹೋದರು. ಆ ವರ್ಷ ಹಂಟರ್ ಇಲ್ಲದ ಕೊಲೊರಾಡೊ 9 ಪಂದ್ಯ ಸೋತು 3 ಗೆದ್ದಿತು. ಅವರ ಒಪ್ಪಂದದಲ್ಲಿ ಇನ್ನೂ ಹಲವು ಸೀಸನ್ ಬಾಕಿ ಇವೆ, ಮತ್ತು ಬೋಲ್ಡರ್‌ಗೆ ಪ್ರತಿ ವರ್ಷ ಹದಿನೆಂಟರ ಹುಡುಗರು ಬರುತ್ತಲೇ ಇರುತ್ತಾರೆ.